ಹತ್ತು ಸಾವಿರ ಆಕಾಶ ಚಿತ್ರಗಳಿಗೆ ಪುಟಾಣಿ ಪ್ರಿವ್ಯೂ: ಯಾವ ದಾರಿ ಹಿಡಿಯಬೇಕು?

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಕನ್ನಡಿಯ ಅಗಲ 2 ಮೀಟರ್. ಅದನ್ನು ನಡೆಸುವವರು ಮಾತ್ರ ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಮಧ್ಯೆ ಇರುವುದು ಉಪಗ್ರಹ ಸಂಪರ್ಕ. ಆ ಟೆಲಿಸ್ಕೋಪಿನ ಎಚ್‌ಎಫ್‌ಒಎಸ್‌ಸಿ ಕ್ಯಾಮೆರಾದಲ್ಲಿ ಆಕಾಶದ ಚಿತ್ರ ತೆಗೆಯಲು ಬಳಸುವ ಭಾಗ 2048 × 2048 ಪಿಕ್ಸೆಲ್. ಪಿಕ್ಸೆಲ್ ಒಂದಕ್ಕೆ 16 ಬಿಟ್, ಅಂದರೆ 2 ಬೈಟ್. ಗುಣಿಸಿ ನೋಡಿ: ಫ್ರೇಮ್ ಒಂದಕ್ಕೆ 8 ಎಂಬಿ.

ಈ ಅಳತೆಯ 10,000 ಫ್ರೇಮ್ ಸೇರಿದರೆ 80 ಜಿಬಿ. ಈಗಿನ ಕಾಲಕ್ಕೆ ಡಿಸ್ಕ್ ದೊಡ್ಡ ವಿಷಯವಲ್ಲ. ತೊಂದರೆ ಇರುವುದು ನಮ್ಮ ಸಮಯಕ್ಕೆ. ಒಂದೊಂದನ್ನೂ ತೆರೆದು ಬರೀ 10 ಸೆಕೆಂಡ್ ನೋಡುತ್ತೀವಿ ಅಂದುಕೊಂಡರೂ ಸುಮಾರು 28 ಗಂಟೆ ಬೇಕು. ಅದಕ್ಕೇ ಪುಟಾಣಿ ಪ್ರಿವ್ಯೂ.

ಈ ಮಾರ್ಗದರ್ಶಿಯಲ್ಲಿ ನಾನು ಇದೇ ಅಳತೆಯ ಫ್ರೇಮನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮದು ಮನೆಯ ತಾರಸಿಯ 8 ಇಂಚಿನ ಟೆಲಿಸ್ಕೋಪ್ ಆಗಿರಬಹುದು, ದೊಡ್ಡ ಸಮೀಕ್ಷೆಯಿಂದ ಇಳಿಸಿಕೊಂಡ ಚಿತ್ರಗಳಾಗಿರಬಹುದು. ಲೆಕ್ಕ ಅದೇ.

ಶುರುವಿಗೆ ಒಂದು ಮಾತು. ಪ್ರಿವ್ಯೂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ಫೈಲ್ ತೆರೆಯಬೇಕೋ ಬೇಡವೋ? ಬೇಕಾದ ಗ್ಯಾಲಕ್ಸಿ ಚೌಕಟ್ಟಿನೊಳಗೆ ಇದೆಯಾ, ಮೋಡ ಬಂದಿತ್ತಾ, ಟೆಲಿಸ್ಕೋಪ್ ಅಲುಗಾಡಿ ನಕ್ಷತ್ರಗಳು ಗೆರೆಯಾಗಿವೆಯಾ, ಉಪಗ್ರಹ ಹಾದುಹೋಗಿದೆಯಾ. ಮುಂದೆ ಬರುವ ಪ್ರತಿ ಆಯ್ಕೆಯನ್ನೂ ನಾನು ಈ ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ.

ಕುಗ್ಗಿಸುವ ಬಗೆ

2048 ಅನ್ನು 256ಕ್ಕೆ ಇಳಿಸಬೇಕು. ಅಂದರೆ 8 × 8 ಪಿಕ್ಸೆಲ್‌ನ ಒಂದೊಂದು ಚೌಕ ಒಂದೊಂದು ಪಿಕ್ಸೆಲ್ ಆಗಬೇಕು. 64 ಅಂಕಿಗಳಿಂದ ಒಂದು ಅಂಕಿ. ಅದನ್ನು ಹೇಗೆ ಆರಿಸುತ್ತೀರಿ ಅನ್ನುವುದರ ಮೇಲೆ ನಕ್ಷತ್ರ ಉಳಿಯುತ್ತದೋ ಮಾಯವಾಗುತ್ತದೋ ನಿರ್ಧಾರವಾಗುತ್ತದೆ.

ಸುಲಭದ ದಾರಿ ಜಿಗಿಯುವುದು. ಪ್ರತಿ 8ನೇ ಪಿಕ್ಸೆಲ್ ಇಟ್ಟುಕೊಂಡು ಉಳಿದದ್ದನ್ನು ಬಿಡುವುದು. ಬಹಳ ವೇಗ. ಆದರೆ ಹಾನ್ಲೆಯ ಫ್ರೇಮ್‌ನಲ್ಲಿ ಪಿಕ್ಸೆಲ್ ಒಂದು 0.296 ಆರ್ಕ್‌ಸೆಕೆಂಡ್ ಅಗಲ (ಆಕಾಶದಲ್ಲಿ ಕೋನ ಅಳೆಯುವ ಮಾಪ ಇದು, ಒಂದು ಡಿಗ್ರಿಯ 3,600ನೇ ಒಂದು ಭಾಗ). ಗಾಳಿಯ ಅಲುಗಾಟದಿಂದ ನಕ್ಷತ್ರ 1.5 ಆರ್ಕ್‌ಸೆಕೆಂಡ್ ಹರಡಿದರೆ ಅದರ ಅರ್ಧ ಎತ್ತರದ ಅಗಲ, ಅಂದರೆ ಬೆಳಕು ಶಿಖರದ ಅರ್ಧಕ್ಕೆ ಇಳಿಯುವಲ್ಲಿನ ಅಗಲ, 5 ಪಿಕ್ಸೆಲ್. ಆ ವೃತ್ತದೊಳಗೆ ಬರುವುದು 20 ಪಿಕ್ಸೆಲ್. 64ರಲ್ಲಿ 20. ಹಾಗಾಗಿ ಜಿಗಿಯುವಾಗ ನಿಮ್ಮ ಕಾಲು ನಕ್ಷತ್ರದ ಮೇಲೆ ಬೀಳುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಾರಿ. ಉಳಿದ ಎರಡು ಸಾರಿ ನಕ್ಷತ್ರ ಮಂಕಾಗುತ್ತದೆ ಅಥವಾ ಕಾಣುವುದೇ ಇಲ್ಲ. ಅದೇ ಜಾಗದ ಎರಡು ಫ್ರೇಮ್‌ಗಳಲ್ಲಿ ಬೇರೆ ಬೇರೆ ನಕ್ಷತ್ರಗಳು ಕಾಣಿಸುತ್ತವೆ. ಗಾಬರಿ ಆಗುವುದು ಸಹಜ, ಅಲ್ವಾ?

ಎರಡನೆಯದು ಸರಾಸರಿ. 64 ಅಂಕಿ ಕೂಡಿಸಿ 64ರಿಂದ ಭಾಗಿಸುವುದು. ಇಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ಆಕಾಶದ ನಾಯ್ಸ್, ಅಂದರೆ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಅಡ್ಡಾದಿಡ್ಡಿಯಾಗಿ ಆಗುವ ಏರಿಳಿತ, 8 ಪಟ್ಟು ಕಡಿಮೆಯಾಗುತ್ತದೆ, 64ರ ವರ್ಗಮೂಲ 8 ಆಗಿರುವುದರಿಂದ. ನಕ್ಷತ್ರವೂ ತಗ್ಗುತ್ತದೆ. ಆದರೆ ಅದು ಹಲವು ಪಿಕ್ಸೆಲ್‌ಗಳಲ್ಲಿ ಹರಡಿರುವುದರಿಂದ ಅಷ್ಟು ತಗ್ಗುವುದಿಲ್ಲ. ಪೂರ್ತಿ ಒಂದೇ ಚೌಕದೊಳಗೆ ಬಿದ್ದ ನಕ್ಷತ್ರ ತನ್ನ ಶಿಖರದ ಸುಮಾರು 0.4ರಷ್ಟು ಉಳಿಸಿಕೊಳ್ಳುತ್ತದೆ. ನಾಯ್ಸ್ 8 ಪಟ್ಟು ಇಳಿದಿದೆ, ನಕ್ಷತ್ರ ಎರಡೂವರೆ ಪಟ್ಟು ಇಳಿದಿದೆ. ಅಂದರೆ ನಾಯ್ಸ್‌ಗೆ ಹೋಲಿಸಿದರೆ ನಕ್ಷತ್ರ ಮೊದಲಿಗಿಂತ ಸುಮಾರು 3 ಪಟ್ಟು ಎದ್ದು ಕಾಣುತ್ತದೆ! ಪುಟಾಣಿ ಚಿತ್ರದಲ್ಲಿ ಮಂಕು ನಕ್ಷತ್ರ ದೊಡ್ಡ ಚಿತ್ರಕ್ಕಿಂತ ಸಲೀಸಾಗಿ ಕಣ್ಣಿಗೆ ಬೀಳುವುದು ಇದಕ್ಕೇ. ನಾಲ್ಕು ಚೌಕಗಳು ಸೇರುವ ಮೂಲೆಯಲ್ಲಿ ಬಿದ್ದ ನಕ್ಷತ್ರಕ್ಕೆ ಮಾತ್ರ ಈ ಲಾಭ ಇಲ್ಲ. ಅದರ ಬೆಳಕು ನಾಲ್ಕು ಪಾಲಾಗುತ್ತದೆ.

ಉಪಗ್ರಹದ ಗೆರೆಯೂ ಉಳಿಯುತ್ತದೆ. ಒಂದು ಪಿಕ್ಸೆಲ್ ದಪ್ಪದ ಗೆರೆ ಒಂದು ಚೌಕವನ್ನು ದಾಟುವಾಗ 8 ಪಿಕ್ಸೆಲ್ ಮುಟ್ಟುತ್ತದೆ. 64ರಲ್ಲಿ 8, ಅಂದರೆ ಎಂಟನೇ ಒಂದು ಭಾಗ. ನಾಯ್ಸ್ ಕೂಡ ಎಂಟನೇ ಒಂದು. ಸಮ ಸಮ. ಒಂಟಿ ಪಿಕ್ಸೆಲ್ ಮೇಲೆ ಬಡಿದ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರುವ ವೇಗದ ಕಣ) ಮಾತ್ರ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೆಚ್ಚಿನವು ಕಣ್ಣಿಂದ ಮರೆಯಾಗುತ್ತವೆ. ನಮಗೆ ಬೇಕಾದದ್ದೂ ಅದೇ.

ಮಧ್ಯಾಂಕ, ಅಂದರೆ ಮೀಡಿಯನ್, ಕೇಳಲು ಚೆನ್ನಾಗಿದೆ. ಆದರೆ 64ರಲ್ಲಿ 32ಕ್ಕಿಂತ ಜಾಸ್ತಿ ಪಿಕ್ಸೆಲ್ ಬೆಳಗದಿದ್ದರೆ ಅದು ಆಕಾಶವನ್ನೇ ಕೊಡುತ್ತದೆ. ಸಣ್ಣ ನಕ್ಷತ್ರಗಳೆಲ್ಲ ಅಳಿಸಿಹೋಗಿ ದೊಡ್ಡ ಗ್ಯಾಲಕ್ಸಿ, ನೀಹಾರಿಕೆ ಮಾತ್ರ ಉಳಿಯುತ್ತವೆ. ಹಿನ್ನೆಲೆಯಲ್ಲಿ ಬೆಳಕು ಸೋರಿದೆಯಾ ಅಂತ ನೋಡಲು ಇದು ಒಳ್ಳೆಯದು, ಬೇರೆ ಕೆಲಸಕ್ಕೆ ಬೇಡ. ಗರಿಷ್ಠ ಆರಿಸಿದರೆ ತದ್ವಿರುದ್ಧ. 64 ಅಂಕಿಗಳ ನಾಯ್ಸ್‌ನಲ್ಲಿ ಎಲ್ಲಕ್ಕಿಂತ ಮೇಲಿನದು ಸರಾಸರಿಗಿಂತ ಸುಮಾರು 2.3 ಸಿಗ್ಮಾ (ಸಿಗ್ಮಾ ಅಂದರೆ ನಾಯ್ಸ್‌ನ ಸಾಮಾನ್ಯ ಏರಿಳಿತದ ಅಳತೆ) ಮೇಲಿರುತ್ತದೆ. ಇಡೀ ಹಿನ್ನೆಲೆ ಎದ್ದು ಕೂರುತ್ತದೆ, ಒಂದೊಂದು ಕಾಸ್ಮಿಕ್ ಕಿರಣವೂ ನಕ್ಷತ್ರದಂತೆ ಹೊಳೆಯುತ್ತದೆ.

ಫೋಟೋ ತಂತ್ರಾಂಶಗಳು ಇಷ್ಟಪಡುವ ಲ್ಯಾಂಕ್ಜೋಸ್ ಎಂಬ ಬಗೆಯೂ ಇದೆ. ಮದುವೆ ಫೋಟೋಗೆ ಅದು ಚೆಂದ. ಇಲ್ಲಿ ಹೊಳೆಯುವ ನಕ್ಷತ್ರದ ಸುತ್ತ ಕಪ್ಪು ಬಳೆ ಮೂಡಿಸುತ್ತದೆ. ಆ ಬಳೆ ಆಕಾಶದಲ್ಲಿ ಇಲ್ಲ.

ಆದ್ದರಿಂದ ಸರಾಸರಿ. ಒಂದು ಎಚ್ಚರಿಕೆ: ಕೆಲವು ಫೈಲ್‌ಗಳಲ್ಲಿ ಕೆಟ್ಟ ಪಿಕ್ಸೆಲ್‌ಗಳನ್ನು ಅಂಕಿಯೇ ಇಲ್ಲದ ಗುರುತಾಗಿ, ನ್ಯಾನ್ ಎಂದು, ಬರೆದಿರುತ್ತಾರೆ. 64ರಲ್ಲಿ ಅಂಥದ್ದು ಒಂದಿದ್ದರೂ ಸಾಕು, ಮಾಮೂಲಿ ಸರಾಸರಿ ಪೂರ್ತಿ ಚೌಕವನ್ನು ನುಂಗುತ್ತದೆ. ನ್ಯಾನ್ ಬಿಟ್ಟು ಸರಾಸರಿ ತೆಗೆಯುವ ನ್ಯಾನ್‌ಮೀನ್ ಎಂಬ ಕ್ರಿಯೆ ಪೈಥಾನ್‌ನ ಅಂಕಿ ಲೆಕ್ಕದ ಸಂಗ್ರಹವಾದ ನಂಪೈನಲ್ಲಿದೆ. ಅದನ್ನೇ ಬಳಸಿ.

ಕಪ್ಪು ಎಲ್ಲಿಂದ, ಬಿಳಿ ಎಲ್ಲಿಗೆ

16 ಬಿಟ್ ಅಂದರೆ 0ಯಿಂದ 65,535ರವರೆಗೆ ಅಂಕಿ. ಪರದೆಗೆ ಬೇಕಾದದ್ದು 256 ಹಂತ. ಹೊಳೆಯುವ ನಕ್ಷತ್ರದ ನಡುಮಧ್ಯ 60,000 ಇದ್ದು, ಆಕಾಶ 500, ಗ್ಯಾಲಕ್ಸಿಯ ತೋಳು 530 ಇದ್ದರೆ? ಕನಿಷ್ಠದಿಂದ ಗರಿಷ್ಠದವರೆಗೆ ನೇರವಾಗಿ ಹಂಚಿದರೆ ಒಂದು ಹಂತಕ್ಕೆ 230ಕ್ಕಿಂತ ಜಾಸ್ತಿ ಅಂಕಿ ಬೀಳುತ್ತವೆ. ಗ್ಯಾಲಕ್ಸಿ, ಆಕಾಶ ಎರಡೂ ಒಂದೇ ಕಪ್ಪು. ಕಪ್ಪು ಚೌಕದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಹೊಸಬರು ಫಿಟ್ಸ್ ಫೈಲನ್ನು (ಖಗೋಳ ಚಿತ್ರಗಳನ್ನು ಕಚ್ಚಾ ಅಂಕಿಗಳಾಗಿ ಇಡುವ ಫೈಲ್ ಬಗೆ) ಮೊದಲ ಸಲ ಜೆಪೆಗ್ ಮಾಡಿದಾಗ ಸಿಗುವುದು ಬಹುತೇಕ ಇದೇ.

ಇದಕ್ಕೆ ಹಳೆಯ ಮದ್ದು ಝಡ್‌ಸ್ಕೇಲ್. ಅಮೆರಿಕದ ಐರಾಫ್ ಎಂಬ ಖಗೋಳ ತಂತ್ರಾಂಶದಿಂದ ಬಂದದ್ದು, ಇವತ್ತಿಗೂ ಚಿತ್ರ ತೋರಿಸುವ ಡಿಎಸ್9, ಪೈಥಾನ್‌ನ ಖಗೋಳ ಸಂಗ್ರಹವಾದ ಆಸ್ಟ್ರೋಪೈ ಎರಡರಲ್ಲೂ ಇದೆ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಹಿಸುಕುತ್ತೀವಲ್ಲ, ಹಾಗೆ ಇದು ಚಿತ್ರದಿಂದ ಸಾವಿರದಷ್ಟು ಪಿಕ್ಸೆಲ್ ಮಾತ್ರ ಆರಿಸಿಕೊಳ್ಳುತ್ತದೆ. ಅವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಒಂದು ಸರಳರೇಖೆ ಕೂರಿಸಿ, ದೂರ ಹೋದವನ್ನು ಬಿಟ್ಟು, ಮಧ್ಯಾಂಕದ ಆಚೆ ಈಚೆ ಎಷ್ಟು ತೋರಿಸಬೇಕು ಅಂತ ಲೆಕ್ಕ ಹಾಕುತ್ತದೆ. ಆಕಾಶ ಜಾಸ್ತಿ, ನಕ್ಷತ್ರ ಕಡಿಮೆ ಇರುವ ಫ್ರೇಮ್‌ಗೆ ಇದರಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಆದರೆ ಗೋಳಗುಚ್ಛದ (ನಕ್ಷತ್ರಗಳು ಉಂಡೆಯಂತೆ ಒತ್ತಾಗಿ ಸೇರಿದ ಗುಂಪು) ನಡುಭಾಗ, ಓರಿಯನ್ ನೀಹಾರಿಕೆ ಇಂಥವು ಚೌಕಟ್ಟು ತುಂಬಿದರೆ ಮಧ್ಯದಲ್ಲಿ ಬಿಳಿ ಮುದ್ದೆ ಸಿಗುತ್ತದೆ. ಅರ್ಧಕ್ಕರ್ಧ ಖಾಲಿ ಅಂಚು ಇರುವ ಮೊಸಾಯಿಕ್‌ಗಳಲ್ಲಂತೂ (ಹಲವು ಫ್ರೇಮ್ ಜೋಡಿಸಿ ಮಾಡಿದ ದೊಡ್ಡ ಚಿತ್ರಗಳು) ಲೆಕ್ಕವೇ ತಪ್ಪುತ್ತದೆ.

ಶೇಕಡಾವಾರು ಮಿತಿ ಇನ್ನೂ ಸರಳ. ಕೆಳಗಿನ 1%, ಮೇಲಿನ 0.5% ಪಿಕ್ಸೆಲ್‌ಗಳನ್ನು ಬಿಟ್ಟು ಉಳಿದದ್ದನ್ನು ಹಂಚುವುದು. ಖಾಲಿ ಅಂಚುಗಳನ್ನು ಮೊದಲೇ ತೆಗೆದುಹಾಕಿದರೆ ಇದು ಎಡವುವುದು ಕಡಿಮೆ.

ಮಿತಿ ಒಂದು ವಿಷಯ, ಆ ಮಿತಿಯೊಳಗೆ ಅಂಕಿ ಏರುವ ಬಗೆ ಇನ್ನೊಂದು. ಲಾಗ್ ಏರಿಕೆ ಮಂಕು ಭಾಗವನ್ನು ಎತ್ತಿ ತೋರಿಸುತ್ತದೆ, ಆದರೆ ಆಕಾಶದ ಹಿನ್ನೆಲೆ ಬೆಳಕನ್ನು ಕಳೆದ ಚಿತ್ರದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿಗಳಿರುತ್ತವೆ, ಅವಕ್ಕೆ ಲಾಗ್ ಇಲ್ಲ. ಆರ್ಕ್‌ಸಿಂಚ್ ಎಂಬ ಏರಿಕೆ ಈ ತೊಡಕನ್ನು ಬಿಡಿಸುತ್ತದೆ. ಕೋಡ್‌ನಲ್ಲಿ ಎ-ಎಸ್-ಐ-ಎನ್-ಎಚ್ ಎಂಬ ಐದಕ್ಷರ. ಸಣ್ಣ ಅಂಕಿಗೆ ನೇರ ಗೆರೆ, ದೊಡ್ಡ ಅಂಕಿಗೆ ಲಾಗ್, ಸೊನ್ನೆಗಿಂತ ಕೆಳಗಿದ್ದರೂ ನಡೆಯುತ್ತದೆ. ರಾಬರ್ಟ್ ಲಪ್ಟನ್ ಮತ್ತು ಜೊತೆಗಾರರು 1999ರಲ್ಲಿ ನಕ್ಷತ್ರಗಳ ಕಾಂತಿಮಾನ ಬರೆಯಲು ಇದನ್ನು ತಂದರು. 2004ರಲ್ಲಿ ಬಣ್ಣದ ಚಿತ್ರಗಳಿಗೂ ಬಳಸಿದರು. ನೀವು ನೋಡಿರುವ ಎಸ್‌ಡಿಎಸ್‌ಎಸ್ ಸಮೀಕ್ಷೆಯ ಬಣ್ಣದ ಚಿತ್ರಗಳ ಹಿಂದೆ ಇರುವುದು ಇದೇ.

ಹಿಸ್ಟೋಗ್ರಾಂ ಸಮೀಕರಣ ಅಂತ ಇನ್ನೊಂದಿದೆ. ಆಕಾಶದ ನಾಯ್ಸನ್ನೇ ಚಿತ್ರವನ್ನಾಗಿ ಮಾಡುತ್ತದೆ. ಬೇಡ.

ಕ್ರಮ ಮುಖ್ಯ: ಮೊದಲು ಕುಗ್ಗಿಸಿ, ಆಮೇಲೆ ಮಿತಿ ಹುಡುಕಿ. ದೊಡ್ಡ ಚಿತ್ರದ ಮೇಲೆ ಝಡ್‌ಸ್ಕೇಲ್ ಓಡಿಸಿ, ಬಂದ ಮಿತಿಯನ್ನು ಪುಟಾಣಿ ಚಿತ್ರಕ್ಕೆ ಹಾಕಿದರೆ ಬೂದು ಮಂಜು ಕವಿದಂತೆ ಕಾಣುತ್ತದೆ. ನಾಯ್ಸ್ 8 ಪಟ್ಟು ಇಳಿದಿದೆ, ಮಿತಿ ಮಾತ್ರ ಹಳೆಯ ಅಗಲದಲ್ಲೇ ನಿಂತಿದೆ. ತುಂಬ ಜನ ಎಡವುವುದು ಇಲ್ಲಿ.

ಒಂದೊಂದಕ್ಕೂ ಬೇರೆ ಮಿತಿಯೋ, ಎಲ್ಲಕ್ಕೂ ಒಂದೇ ಮಿತಿಯೋ

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ. ನನಗೆ ಇದು ಒಂದು ಇಡೀ ವಾರದ ಬೆಲೆ ತೆರಿಸಿದ ಪಾಠ.

ನನ್ನ ಸಣ್ಣ ಟೆಲಿಸ್ಕೋಪಿನಿಂದ ಒಂದು ರಾತ್ರಿ ಒಂದೇ ನಕ್ಷತ್ರದ 120 ಫ್ರೇಮ್ ತೆಗೆದಿದ್ದೆ. ಬೆಳಕು ಏರಿಳಿಯುವ ನಕ್ಷತ್ರ. ಬೆಳಿಗ್ಗೆ ಪ್ರತಿ ಫ್ರೇಮ್‌ಗೂ ಝಡ್‌ಸ್ಕೇಲ್ ಹಾಕಿ ಪ್ರಿವ್ಯೂ ಮಾಡಿದೆ. 120ಕ್ಕೆ 120 ಒಂದೇ ಥರ, ಸೊಗಸಾಗಿ ಕಂಡವು. ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿದೆ. ಗ್ರಾಫ್‌ನಲ್ಲಿ ರಾತ್ರಿ ಎರಡರ ಹೊತ್ತಿಗೆ ಚುಕ್ಕೆಗಳು ಚೆಲ್ಲಾಪಿಲ್ಲಿ. ಕ್ಯಾಮೆರಾ ಬಿಚ್ಚಿದೆ, ಕೇಬಲ್ ಬದಲಿಸಿದೆ, ಕೋಡ್ ಸಾಲು ಸಾಲಾಗಿ ಓದಿದೆ. ಕಡೆಗೆ ಫೈಲ್‌ಗಳ ಮಧ್ಯಾಂಕವನ್ನು ಸುಮ್ನೆ ಒಂದು ಪಟ್ಟಿ ಮಾಡಿ ನೋಡಿದಾಗ ತಿಳಿಯಿತು. 37 ಫ್ರೇಮ್‌ಗಳಲ್ಲಿ ಆಕಾಶದ ಮಟ್ಟ ಮೇಲೇರಿತ್ತು. ತೆಳುಮೋಡ. ಝಡ್‌ಸ್ಕೇಲ್ ಪ್ರತಿ ಫ್ರೇಮ್‌ಗೂ ಮಿತಿಯನ್ನು ಹೊಸದಾಗಿ ಹೊಂದಿಸಿ ಮೋಡವನ್ನು ಮುಚ್ಚಿಹಾಕಿತ್ತು.

ತಾನೇ ಹೊಂದಿಸಿಕೊಳ್ಳುವ ಮಿತಿ ಒಂದು ಫ್ರೇಮ್‌ನೊಳಗೆ ಏನಿದೆ ಅಂತ ಚೆನ್ನಾಗಿ ತೋರಿಸುತ್ತದೆ. ಫ್ರೇಮ್‌ನಿಂದ ಫ್ರೇಮ್‌ಗೆ ಏನು ಬದಲಾಯಿತು ಅನ್ನುವುದನ್ನು ಮುಚ್ಚಿಡುತ್ತದೆ. ಹಾಗಾಗಿ ಈಗ ನಾನು ಎರಡು ಮಾಡುತ್ತೇನೆ. ಒಂದು ತಾನೇ ಹೊಂದಿಸಿಕೊಂಡದ್ದು. ಇನ್ನೊಂದಕ್ಕೆ ಆ ರಾತ್ರಿಯ ಒಂದು ಒಳ್ಳೆಯ ಫ್ರೇಮ್‌ನಿಂದ ಮಿತಿ ತೆಗೆದು, ಅದೇ ಫಿಲ್ಟರ್, ಅದೇ ಎಕ್ಸ್‌ಪೋಷರ್ ಇರುವ ಎಲ್ಲಕ್ಕೂ ಅದನ್ನೇ ಹಾಕುತ್ತೇನೆ. ಎರಡನೆಯದು 128 ಪಿಕ್ಸೆಲ್ ಇದ್ದರೂ ಸಾಕು. ಸಾಲಾಗಿ ಜೋಡಿಸಿದಾಗ ಮೋಡ ಬಂದ ಹೊತ್ತು, ಚಂದ್ರ ಹುಟ್ಟಿದ ಹೊತ್ತು, ಮುಂಜಾವು ಎಲ್ಲ ಪಟ್ಟೆಯಂತೆ ಕಾಣುತ್ತದೆ. ಅಂದಹಾಗೆ, ನಗರದ ಮೇಲೆ ಮೋಡ ಬಂದರೆ ದೀಪಗಳ ಬೆಳಕು ತಾಗಿ ಆಕಾಶ ಬೆಳಗುತ್ತದೆ. ಹಾನ್ಲೆಯಂಥ ಕತ್ತಲ ಜಾಗದಲ್ಲಿ, ಚಂದ್ರನಿಲ್ಲದ ರಾತ್ರಿ, ಮೋಡ ಬಂದರೆ ಆಕಾಶ ಇನ್ನಷ್ಟು ಕಪ್ಪಾಗುತ್ತದೆ. ಎರಡನ್ನೂ ಗುರುತಿಸಲು ಕಣ್ಣು ಪಳಗಬೇಕು.

ಫ್ಲಾಟ್ ಫ್ರೇಮ್‌ಗಳಿಗೆ (ಕ್ಯಾಮೆರಾದ ಏರುಪೇರು ತಿಳಿಯಲು ಸಮನಾದ ಬೆಳಕಿನಲ್ಲಿ ತೆಗೆದವು) ಒಂದೇ ಮಿತಿ ಇಲ್ಲದಿದ್ದರೆ ಆಗುವುದೇ ಇಲ್ಲ. 30,000 ಇರುವ ಒಳ್ಳೆಯ ಫ್ಲಾಟ್, 65,535 ಮುಟ್ಟಿ ಕೆಟ್ಟುಹೋದ ಫ್ಲಾಟ್ ಎರಡೂ ತಾವೇ ಹೊಂದಿಸಿಕೊಂಡರೆ ಬರೀ ಬೂದು ಚೌಕ. ಇಂಥದ್ದಕ್ಕೆ ಚಿತ್ರದ ಕೆಳಗೆ ನಾಲ್ಕು ವಿವರ ಬರೆದರೆ ಅರ್ಧ ಕೆಲಸ ಮುಗಿಯುತ್ತದೆ: ಸಮಯ, ಫಿಲ್ಟರ್, ಎಕ್ಸ್‌ಪೋಷರ್, ಮಧ್ಯಾಂಕ. ಮೊದಲ ಮೂರು ಫೈಲ್‌ನ ಶುರುವಿನ ವಿವರಪಟ್ಟಿಯಲ್ಲೇ, ಅಂದರೆ ಹೆಡರ್‌ನಲ್ಲೇ, ಇರುತ್ತವೆ, ನಾಲ್ಕನೆಯದಕ್ಕೆ ಒಂದು ಸಾಲು ಕೋಡ್ ಸಾಕು.

ಸೂರ್ಯನ ಚಿತ್ರಗಳಿಗೆ ಈ ಚರ್ಚೆಯೇ ಬೇರೆ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ ಅಡಿಯಲ್ಲಿರುವ ಕೊಡೈಕೆನಾಲ್ ವೀಕ್ಷಣಾಲಯ ನೂರು ವರ್ಷಕ್ಕೂ ಹೆಚ್ಚು ಕಾಲ ಸೂರ್ಯನ ಚಿತ್ರ ತೆಗೆದಿದೆ. ಆ ಗಾಜಿನ ಫಲಕಗಳನ್ನು, ಫಿಲ್ಮ್‌ಗಳನ್ನು ಡಿಜಿಟಲ್ ಮಾಡಿದ್ದಾರೆ. ಅಂಥ ಚಿತ್ರದಲ್ಲಿ ಇರುವುದು ಎರಡೇ ಮಟ್ಟ, ಬೆಳಗುವ ತಟ್ಟೆ ಮತ್ತು ಸುತ್ತಲಿನ ಕತ್ತಲು. ಆಕಾಶವೇ ಹೆಚ್ಚು ಅಂತ ಎಣಿಸುವ ಝಡ್‌ಸ್ಕೇಲ್ ಇಲ್ಲಿ ಕೆಲಸಕ್ಕೆ ಬಾರದು. ತಟ್ಟೆಯ ಒಳಗಿನ ಪಿಕ್ಸೆಲ್‌ಗಳಿಂದ ಮಾತ್ರ ಶೇಕಡಾವಾರು ಮಿತಿ ತೆಗೆದರೆ ಸೂರ್ಯನ ಕಲೆಗಳು ಕಾಣುತ್ತವೆ.

ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಜೆಪೆಗ್ 2000

ಜನ ಮೊದಲು ಕೇಳುವುದು ಇದನ್ನೇ. ನನ್ನ ಅನುಭವದಲ್ಲಿ ಮೇಲಿನ ಎರಡು ಸರಿಯಿದ್ದರೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ.

256 × 256ರ ಕಪ್ಪು-ಬಿಳುಪು ಚಿತ್ರದ ಕಚ್ಚಾ ಗಾತ್ರ 65,536 ಬೈಟ್. ಪಿಎನ್‌ಜಿ ಏನನ್ನೂ ಕಳೆಯುವುದಿಲ್ಲ, ಆದರೆ ಆಕಾಶದ ನಾಯ್ಸ್ ಅದಕ್ಕೆ ಒಗ್ಗುವುದಿಲ್ಲ. ಒಂದರಂತೆ ಒಂದಿಲ್ಲದ ಅಂಕಿಗಳನ್ನು ಮಡಚಿಡುವುದು ಹೇಗೆ? ಗಾತ್ರ ಕಚ್ಚಾದ ಹತ್ತಿರಹತ್ತಿರವೇ ನಿಲ್ಲುತ್ತದೆ. ಜೆಪೆಗ್‌ನ ಗುಣಮಟ್ಟ 85 ಅಂತ ಇಟ್ಟರೆ ಅದಕ್ಕಿಂತ ಬಹಳ ಕಡಿಮೆಗೆ ಬರುತ್ತದೆ. ಜೆಪೆಗ್ ಚಿತ್ರವನ್ನು 8 × 8ರ ತುಂಡುಗಳಾಗಿ ನೋಡುವುದರಿಂದ ಹೊಳೆಯುವ ನಕ್ಷತ್ರದ ಸುತ್ತ ಸಣ್ಣ ಕಲೆ ಏಳಬಹುದು. ಪ್ರಿವ್ಯೂಗೆ ಅಷ್ಟು ಪರವಾಗಿಲ್ಲ. ಅಳತೆಗೆ ಯಾರೂ ಜೆಪೆಗ್ ಬಳಸಬಾರದು, ಆ ಮಾತು ಬೇರೆ.

ವೆಬ್‌ಪಿ ಇನ್ನೂ ಸ್ವಲ್ಪ ಸಣ್ಣದು, ಈಗಿನ ಬ್ರೌಸರ್‌ಗಳೆಲ್ಲ ತೆರೆಯುತ್ತವೆ. ಆದರೆ ಕಳೆದುಕೊಳ್ಳುವ ಬಗೆಯ ವೆಬ್‌ಪಿ ಬಣ್ಣವನ್ನು ಯಾವಾಗಲೂ ಅರ್ಧ ಅಳತೆಯಲ್ಲೇ ಇಡುತ್ತದೆ. ಎರಡು ಪಿಕ್ಸೆಲ್ ಅಗಲದ ಕೆಂಪು ನಕ್ಷತ್ರದ ಬಣ್ಣ ಪಕ್ಕಕ್ಕೆ ಸೋರುತ್ತದೆ. ಜೆಪೆಗ್‌ನಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಇದೆ, ಸಬ್‌ಸ್ಯಾಂಪ್ಲಿಂಗ್ ಆಫ್ ಮಾಡಿದರಾಯಿತು. ಬಣ್ಣದ ಪ್ರಿವ್ಯೂಗೆ ಜೆಪೆಗ್, ಕಪ್ಪು-ಬಿಳುಪಿಗೆ ಎರಡರಲ್ಲಿ ಯಾವುದಾದರೂ.

ಜೆಪೆಗ್ 2000 ಬೇರೆ ಜಾತಿಯದು. ಒಂದೇ ಫೈಲ್‌ನಲ್ಲಿ ಹಲವು ಅಳತೆಗಳು ಪದರ ಪದರವಾಗಿ ಕೂತಿರುತ್ತವೆ, ಸಣ್ಣದು ಬೇಕೆಂದರೆ ಪೂರ್ತಿ ಬಿಚ್ಚಬೇಕಿಲ್ಲ. ನಾಸಾದ ಎಸ್‌ಡಿಒ ನೌಕೆ ಕಳಿಸುವ 4096 × 4096ರ ಸೂರ್ಯನ ಚಿತ್ರಗಳನ್ನು ಹೀಲಿಯೋವ್ಯೂವರ್ ಜಾಲತಾಣ ತೋರಿಸುವುದು ಹೀಗೆಯೇ. ಆದರೆ ಹೆಚ್ಚಿನ ಬ್ರೌಸರ್‌ಗಳು ಇದನ್ನು ನೇರವಾಗಿ ತೆರೆಯುವುದಿಲ್ಲ, ಮಧ್ಯೆ ಒಂದು ಸರ್ವರ್ ಕೂತು ಬದಲಿಸಿ ಕೊಡಬೇಕು. ಒಬ್ಬರೇ ನಡೆಸುವ ಸಂಗ್ರಹಕ್ಕೆ ಇದು ಅತಿಯಾಯಿತು.

ಯಾವ ತಂತ್ರಾಂಶ

ಪೈಥಾನ್ ಬರುವವರಿಗೆ ಆಸ್ಟ್ರೋಪೈ, ಚಿತ್ರ ಉಳಿಸುವ ಪಿಲ್ಲೋ ಜೋಡಿ. ಚೌಕ ಚೌಕವಾಗಿ ಕುಗ್ಗಿಸುವುದು, ಝಡ್‌ಸ್ಕೇಲ್, ಶೇಕಡಾವಾರು, ಆರ್ಕ್‌ಸಿಂಚ್, ಲಪ್ಟನ್ ಬಗೆಯ ಬಣ್ಣ ಎಲ್ಲ ಆಸ್ಟ್ರೋಪೈನಲ್ಲಿ ಸಿದ್ಧವಾಗಿದೆ. ಬರೆಯಬೇಕಾದ್ದು ಮೂವತ್ತು ನಲವತ್ತು ಸಾಲು. ನನ್ನ ಆಯ್ಕೆ ಇದೇ, ಏನಾಗುತ್ತಿದೆ ಅನ್ನುವುದು ಕಣ್ಣೆದುರೇ ಇರುತ್ತದೆ.

ಬಣ್ಣದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೂರು ಫಿಲ್ಟರ್‌ಗೂ ಬೇರೆ ಬೇರೆ ಏರಿಕೆ ಹಾಕಿದರೆ ಹೊಳೆಯುವ ನಕ್ಷತ್ರಗಳೆಲ್ಲ ಬೆಳ್ಳಗೆ. ಲಪ್ಟನ್ ಬಗೆಯಲ್ಲಿ ಮೂರರ ಒಟ್ಟು ಬೆಳಕಿಗೆ ಏರಿಕೆ ಹಾಕಿ ಅನುಪಾತ ಹಾಗೆಯೇ ಬಿಡುತ್ತಾರೆ. ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ಉಳಿಯುತ್ತದೆ. ಆದರೆ ರಾತ್ರಿಯ ಫ್ರೇಮ್‌ಗಳನ್ನು ಜಾಲಾಡಲು ಬಣ್ಣ ಬೇಕಿಲ್ಲ.

ಎಮ್ಯಾನುಯೆಲ್ ಬರ್ಟಿನ್ ಬರೆದ ಸ್ಟಿಫ್ ತಂತ್ರಾಂಶ ದೊಡ್ಡ ಮೊಸಾಯಿಕ್‌ಗಳಿಗೆ ಬಲು ವೇಗ. ಆಕಾಶದ ಮಟ್ಟವನ್ನು ತಾನೇ ಹುಡುಕುತ್ತದೆ, ಪಿರಮಿಡ್ಡಿನಂತೆ ಹಲವು ಅಳತೆಗಳಿರುವ ಟಿಫ್ ಕೊಡುತ್ತದೆ. ಜೆಪೆಗ್ ಬೇಕಿದ್ದರೆ ಇನ್ನೊಂದು ಹೆಜ್ಜೆ. ಡಿಎಸ್9 ಅನ್ನು ಆಜ್ಞೆ ಕೊಟ್ಟು ಓಡಿಸಿ ಚಿತ್ರ ಉಳಿಸಬಹುದು, ಆದರೆ ಅದಕ್ಕೆ ಪರದೆ ಬೇಕು. ಹತ್ತು ಫೈಲ್‌ಗೆ ಸರಿ, ಹತ್ತು ಸಾವಿರಕ್ಕೆ ಅಲ್ಲ. ಇಮೇಜ್‌ಮ್ಯಾಜಿಕ್ ಫಿಟ್ಸ್ ಓದುತ್ತದೆ, ಆದರೆ ಅದನ್ನು ಮಾಮೂಲಿ ಫೋಟೋದಂತೆ ನೋಡುತ್ತದೆ. ಹಾಗೇ ಬಿಟ್ಟರೆ ಕಪ್ಪು ಚೌಕ ಗ್ಯಾರಂಟಿ.

ಯಾವುದನ್ನು ಹಿಡಿದರೂ ಫಿಟ್ಸ್‌ನ ಕೆಲವು ಗುಣಗಳನ್ನು ನೆನಪಿಡಬೇಕು. ಮೊದಲ ಪಿಕ್ಸೆಲ್ ಕೆಳಗಿನ ಎಡ ಮೂಲೆಯದು. ಜೆಪೆಗ್‌ನಲ್ಲಿ ಮೇಲಿನ ಎಡ ಮೂಲೆ. ತಿರುಗಿಸುವುದನ್ನು ಮರೆತರೆ ಇಡೀ ಸಂಗ್ರಹ ತಲೆಕೆಳಗು. ನಾನು ಒಮ್ಮೆ ಅಂಥ ಪ್ರಿವ್ಯೂ ಇಟ್ಟುಕೊಂಡು ಕ್ಷುದ್ರಗ್ರಹ ಹುಡುಕುತ್ತಾ ಒಂದು ಸಂಜೆ ಪೂರ್ತಿ ತಪ್ಪು ಮೂಲೆಯನ್ನೇ ನೋಡುತ್ತಿದ್ದೆ. ಹಬಲ್ ಕ್ಯಾಮೆರಾಗಳ ಫೈಲ್‌ಗಳಲ್ಲಿ ಮೊದಲ ಭಾಗ ಖಾಲಿ ಇರುತ್ತದೆ, ಚಿತ್ರ ಮುಂದಿನ ವಿಸ್ತರಣೆಯಲ್ಲಿ. ಎಫ್‌ಪ್ಯಾಕ್‌ನಿಂದ ಅದುಮಿದ ಫೈಲ್‌ಗಳಲ್ಲೂ ಹಾಗೆಯೇ. ಮೊದಲ ಭಾಗವನ್ನಷ್ಟೇ ನೋಡುವ ಸ್ಕ್ರಿಪ್ಟ್ ಇಲ್ಲಿ ಚಿತ್ರವೇ ಇಲ್ಲ ಅನ್ನುತ್ತದೆ.

ಇನ್ನೊಂದು ಸೂಕ್ಷ್ಮ. 16 ಬಿಟ್‌ನ ಅಂಕಿಗಳನ್ನು ಫಿಟ್ಸ್ 32,768 ಕಳೆದು ಬರೆಯುತ್ತದೆ, ಓದುವಾಗ ಹೆಡರ್‌ನ ಬಿ-ಜೀರೋ ನೋಡಿ ಮತ್ತೆ ಕೂಡಿಸಬೇಕು. ಸ್ವಂತ ಕೋಡ್ ಬರೆದವರು ಅದನ್ನು ಬಿಟ್ಟು, ಚಿಹ್ನೆಯಿಲ್ಲದ ಅಂಕಿಯಾಗಿ ಓದಿದರೆ 32,768 ದಾಟಿದ ಪಿಕ್ಸೆಲ್‌ಗಳು ಸುತ್ತಿಬಂದು ಕೆಳಗೆ ಬೀಳುತ್ತವೆ. ಆಗ ಹೊಳೆಯುವ ನಕ್ಷತ್ರಗಳೆಲ್ಲ ನಡುವೆ ಕಪ್ಪು ತೂತಿರುವ ಉದ್ದಿನ ವಡೆಯ ಹಾಗೆ ಕಾಣುತ್ತವೆ. ಅಂಥದ್ದು ಕಂಡರೆ ಟೆಲಿಸ್ಕೋಪಿನ ಫೋಕಸ್ ತಿರುಗಿಸಲು ಹೋಗಬೇಡಿ, ಮೊದಲು ಬಿ-ಜೀರೋ ನೋಡಿ.

ಮುಂಚೆಯೇ ಮಾಡಿಡುವುದೋ, ಕೇಳಿದಾಗ ಮಾಡುವುದೋ

ಮಾಮೂಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಎಂಬಿ ಓದುತ್ತದೆ ಅಂತಿಟ್ಟುಕೊಂಡರೆ 80 ಜಿಬಿ ಓದಿ ಮುಗಿಸಲು 9 ನಿಮಿಷ. ಲೆಕ್ಕದ ಸಮಯ ಸೇರಿಸಿದರೂ ಒಂದು ಊಟದ ಹೊತ್ತು. ಬರುವ ಪ್ರಿವ್ಯೂಗಳು ಒಂದಕ್ಕೆ 15 ಕೆಬಿ ಅಂದರೆ 150 ಎಂಬಿ. ಈ ಅಳತೆಯ ಸಂಗ್ರಹಕ್ಕೆ ಯೋಚನೆಯೇ ಬೇಡ, ಎಲ್ಲವನ್ನೂ ಮುಂಚೆಯೇ ಮಾಡಿಡಿ. 256ರದ್ದು ಪಟ್ಟಿಗೆ, 1024ರದ್ದು ಕ್ಲಿಕ್ ಮಾಡಿದಾಗ.

ಕೇಳಿದಾಗ ಮಾಡುವ ದಾರಿ ಬೇಕಾಗುವುದು ಜನ ಯಾವ ಜಾಗ, ಯಾವ ಅಳತೆ ಕೇಳುತ್ತಾರೋ ಗೊತ್ತಿಲ್ಲದಾಗ. ಎಸ್‌ಡಿಎಸ್‌ಎಸ್‌ನ ಸ್ಕೈಸರ್ವರ್‌ಗೆ ಆಕಾಶದ ನಿರ್ದೇಶಾಂಕ, ಅಳತೆ ಕೊಟ್ಟರೆ ಆ ಜಾಗದ ಜೆಪೆಗ್ ಕತ್ತರಿಸಿ ಕೊಡುತ್ತದೆ.

ಸಂಗ್ರಹ ಆಕಾಶದ ದೊಡ್ಡ ಭಾಗವನ್ನು ಮುಚ್ಚಿದ್ದರೆ, ಆಕಾಶವನ್ನು ತುಂಡು ತುಂಡಾಗಿ ಜೋಡಿಸಿಡುವ ಹಿಪ್ಸ್ ಎಂಬ ಬಗೆ ನೋಡಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಖಗೋಳ ದತ್ತಾಂಶ ಕೇಂದ್ರ ಇದನ್ನು ಬೆಳೆಸಿತು, 2017ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇಡೀ ಆಕಾಶವನ್ನು 12 ಸಮಾನ ತುಂಡು ಮಾಡಿ, ಒಂದೊಂದನ್ನೂ ನಾಲ್ಕು ನಾಲ್ಕಾಗಿ ಒಡೆಯುತ್ತಾ ಹೋಗುತ್ತಾರೆ. ಮೂರನೇ ಮಟ್ಟಕ್ಕೆ 768 ತುಂಡು. ಆಕಾಶ ನೋಡುವ ತಂತ್ರಾಂಶವಾದ ಅಲಾಡಿನ್‌ನಲ್ಲಿ ಆಕಾಶವನ್ನು ಎಳೆದು ದೊಡ್ಡದು ಮಾಡುತ್ತಾ ಹೋದರೆ ತುಂಡುಗಳು ಬಂದು ಕೂರುವುದು ಇದರಿಂದಲೇ. ಆದರೆ ಹಿಪ್ಸ್ ಚಿತ್ರಗಳನ್ನು ಒಟ್ಟುಗೂಡಿಸಿ ಒಂದೇ ಆಕಾಶ ಮಾಡುತ್ತದೆ. ಅದೇ ಜಾಗದ 120 ಫ್ರೇಮ್‌ಗಳಲ್ಲಿ ಯಾವುದು ಕೆಟ್ಟಿದೆ ಅಂತ ಹುಡುಕುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ಹಿಪ್ಸ್‌ನ ಒಂದು ಚಿಕ್ಕ ಜಾಣ್ಮೆಯನ್ನು ಮಾತ್ರ ಎಲ್ಲರೂ ತೆಗೆದುಕೊಳ್ಳಬಹುದು. ಆ 768 ತುಂಡುಗಳನ್ನು 64 ಪಿಕ್ಸೆಲ್‌ಗೆ ಇಳಿಸಿ, ಸಾಲಿಗೆ 27ರಂತೆ ಒಂದೇ ಚಿತ್ರದಲ್ಲಿ ಜೋಡಿಸಿ ಇಡುತ್ತಾರೆ. 768 ಸಲ ಕೇಳುವ ಬದಲು ಒಂದೇ ಸಲ ಇಳಿಸಿಕೊಂಡರೆ ಸಾಕು. ನಾನೂ ಹಾಗೇ ರಾತ್ರಿಗೊಂದು ಹಾಳೆ ಮಾಡುತ್ತೇನೆ. ಎಡದಿಂದ ಬಲಕ್ಕೆ ಸಮಯ, ಮೇಲಿಂದ ಕೆಳಕ್ಕೆ ಗಂಟೆಗಳು. ನೂರು ರಾತ್ರಿ ಅಂದರೆ ನೂರು ಹಾಳೆ, ಮೊಬೈಲ್‌ನಲ್ಲೂ ಬೆರಳಾಡಿಸುತ್ತಾ ನೋಡಬಹುದು.

ಓಡಿಸುವ ಮುಂಚೆ 200 ಫ್ರೇಮ್ ಆರಿಸಿಕೊಳ್ಳಿ. ಒಳ್ಳೆಯವನ್ನೇ ಅಲ್ಲ. ಮೋಡದ್ದು, ಫೋಕಸ್ ತಪ್ಪಿದ್ದು, ಉಪಗ್ರಹ ದಾಟಿದ್ದು, ಫ್ಲಾಟ್, ಬಯಾಸ್ (ಬೆಳಕು ಬೀಳಿಸದೆ ತೆಗೆದ ಸೊನ್ನೆ ಎಕ್ಸ್‌ಪೋಷರ್), ರೋಹಿತದ ಫ್ರೇಮ್, ಗೋಳಗುಚ್ಛ, ಅರ್ಧ ಖಾಲಿ ಮೊಸಾಯಿಕ್, ಎಲ್ಲ ಇರಲಿ. ಅವುಗಳ ಪ್ರಿವ್ಯೂ ಮಾಡಿ, ಆ ಫೈಲ್‌ಗಳನ್ನು ಕಂಡಿರದ ಗೆಳೆಯರೊಬ್ಬರ ಕೈಗೆ ಮೊಬೈಲ್ ಕೊಡಿ. ಯಾವುದು ಕೆಟ್ಟದ್ದು ಅಂತ ಅವರು ಬೆರಳಿಟ್ಟು ತೋರಿಸಿದರೆ ಉಳಿದ 9,800ಕ್ಕೆ ಕೈ ಹಾಕಿ. ತೋರಿಸಲು ಆಗದಿದ್ದರೆ ಮಿತಿ, ಏರಿಕೆ ಇನ್ನೊಮ್ಮೆ ತಿದ್ದಿ. ಪ್ರಿವ್ಯೂ ಫೈಲ್ ಹೆಸರಿನ ಕೊನೆಗೆ ಎಷ್ಟನೇ ಸಲದ ತಿದ್ದುಪಡಿ ಅಂತ ಒಂದು ಅಂಕಿ ಸೇರಿಸಿಡಿ, ಹಳೆಯದು ಹೊಸದು ಬೆರೆಯುವುದಿಲ್ಲ.